ನೀಲಿ ದಾರದ ಬುದ್ಧ

ಸೊನ್ನ, ತಾ. ಅಫಜಲಪುರ
೯ ಮಾರ್ಚ್ ೨೦೨೫

ಪ್ರೀತಿಯ ಯಶೋಧರಕ್ಕನಿಗೆ,

ತಂಗಿ ಪಂಚಶೀಲಾಳ ಜೈಭೀಮ್. ಇಲ್ಲಿ ಅವ್ವ, ಅಪ್ಪ ಇಬ್ಬರೂ ಆರಾಮ. ನಿನ್ನ ಫೋನು ಬಂದಾಗಲೆಲ್ಲ ಕಟ್ ಮಾಡಿದೆನೆಂದು ಸಿಟ್ಟಾಗಬೇಡ. ನೀನು ಸ್ಪೀಕರ್ ಹಾಕಿಯೇ ಮಾತಾಡುತ್ತೀ, ಪಕ್ಕದಲ್ಲಿ ಭಾವ ಇರುತ್ತಾರೆ. ಇದು ನಿನಗಷ್ಟೇ ಹೇಳುವ ವಿಷಯ. ಅದಕ್ಕೇ ಕಾಗದ ಬರೆಯಲು ಕುಳಿತೆ. ಅದಕ್ಕೂ ಇಷ್ಟು ತಡವಾಯಿತು, ಮನ್ನಿಸು.

ಅವ್ವನ ಮೊಣಕಾಲು ನೋವು ಹಾಗೇ ಇದೆ. ಬ್ಯಾರೇಜಿನಲ್ಲಿ ನೀರು ಇಳಿದು ಮೀನು ಅಗ್ಗವಾಗಿದೆ. ಸಾರು ಮಾಡಿದಾಗಲೆಲ್ಲ ನಿನ್ನ ಹೆಸರು ತೆಗೆಯುತ್ತಾಳೆ.

ನನ್ನ ನೌಕರಿ ಹೋದದ್ದು ನಿನಗೆ ಗೊತ್ತು. ಹೇಗೆ ಹೋಯಿತೆಂಬುದು ಗೊತ್ತಿಲ್ಲ.

ಅಫಜಲಪುರದ ನಮ್ಮ ಆಸ್ಪತ್ರೆ ನಡೆಸುವವರು ಡಾಕ್ಟರ ಹೆಂಡತಿ, ಸುಲಭಾ ಮೇಡಂ. ಸಂಕ್ರಾಂತಿ ಕಳೆದ ಮೇಲೆ ಅವರು ನರ್ಸುಗಳನ್ನೆಲ್ಲ ಕರೆದು, ಇನ್ನು ಕೊರಳಲ್ಲಿ ಏನೂ ಇರಬಾರದು ಎಂದರು. ತಪ್ಪು ಮಾತಲ್ಲ. ಬಾಗಿದಾಗ ಒಡವೆ ಗಾಯಕ್ಕೆ ತಾಗಿದರೆ ನಂಜಾಗುತ್ತದೆ, ಓದುವಾಗ ನಾವೂ ಕಲಿತದ್ದೇ. ನಾನು ಆವತ್ತೇ ಅಪ್ಪ ಕೊಟ್ಟ ಬೆಳ್ಳಿಯ ಬುದ್ಧನ ಪದಕ ತೆಗೆದು ಪರ್ಸಿನಲ್ಲಿಟ್ಟೆ. ಆದರೆ ಮಂಜರಿಯ ಕೊರಳಲ್ಲಿ ತಾಳಿ ಹಾಗೇ ಇತ್ತು, ಅದರ ಜೊತೆಗೆ ದೇವರ ಲಾಕೆಟ್ಟೂ ಇತ್ತು. ಮಂಜರಿ ಗೊತ್ತಲ್ಲ, ನನ್ನ ಜೊತೆ ಡಬ್ಬಿ ಹಂಚಿಕೊಂಡು ಉಣ್ಣುತ್ತಿದ್ದವಳು. ಮೇಡಂಗೆ ಕೇಳಿದೆ.

"ತಾಳಿ ಅಂದ್ರ ಒಡವಿ ಅಲ್ಲ, ಅದು ಧರ್ಮ. ನಿಂದು ಬರೇ ಶೋಕಿ" ಅಂದರು.

ಮರುದಿನ ನಾನೂ ಹಾಕಿಕೊಂಡು ಹೋದೆ. ಸಮವಸ್ತ್ರದ ಒಳಗೆ, ಪಿನ್ನು ಚುಚ್ಚಿ.

ಆಗ ವಾರ್ಡಿನಲ್ಲಿ ಸುಂದರಬಾಯಿ ಎಂಬ ಮುದುಕಿ ಇದ್ದಳು. ಸೊಂಟದ ಎಲುಬು ಮುರಿದು ಆಪರೇಷನ್ ಆಗಿತ್ತು. ಹೊರಳಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು ಎಲ್ಲ ನಾನೇ. "ನನ್ನ ಹೊಟ್ಟ್ಯಾಗ ಹುಟ್ಟಿದಾಕಿನೂ ಹಿಂಗ ಮಾಡಂಗಿಲ್ಲವ್ವ" ಎಂದು ನನ್ನ ಗಲ್ಲ ಸವರುತ್ತಿದ್ದಳು. ಒಂದು ಮುಂಜಾನೆ ಗಂಜಿ ಕುಡಿಸಲು ಬಾಗಿದಾಗ ಪಿನ್ನು ಬಿಚ್ಚಿ ಪದಕ ಹೊರಗೆ ಜೋತುಬಿತ್ತು. ಆಕೆ ನೀಲಿ ದಾರ ನೋಡಿದಳು, ಬುದ್ಧನನ್ನು ನೋಡಿದಳು.

"ನೀ ಯಾರ ಪೈಕೀ ಬೇ?"

"ನಾವು ಬೌದ್ಧರ್ರಿ, ಆಯಿ."

ಬಾಯಲ್ಲಿದ್ದ ಗಂಜಿಯನ್ನು ನನ್ನ ಕೈಮೇಲೆಯೇ ಉಗುಳಿದಳು.

ಸಂಜೆ ಮೇಡಂ ಕರೆದು ತೀರ್ಮಾನ ಹೇಳಿದರು. ಗಂಜಿ, ನೀರು, ಗುಳಿಗೆ ಇನ್ನು ಮಂಜರಿ ಕೊಡುತ್ತಾಳೆ. ಬೆಡ್‌ಪ್ಯಾನ್ ಮಾತ್ರ ನಾನೇ ಇಡಬೇಕು, ನಾನೇ ತೆಗೆಯಬೇಕು. "ಪೇಷಂಟ್ ಮನಸ್ಸಿಗೆ ನೋವಾಗಬಾರ್ದು, ತಿಳೀತಿಲ್ಲೋ?" ಅಂದರು. ನನ್ನ ಕೈ ಮುದುಕಿಯ ಬಾಯಿಗೆ ಬೇಡ, ಹೇಲಿಗೆ ಬೇಕು. ಅದನ್ನೂ ಮಾಡಿದೆ ಅಕ್ಕಾ. ನಾನು ತೊಳೆಯುವಾಗ ಆಕೆ ಮೂಗಿಗೆ ಸೆರಗು ಹಿಡಿದು ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ತನ್ನದೇ ನಾತಕ್ಕಲ್ಲ.

ಕೊನೆಗೊಂದು ದಿನ ಪದಕವನ್ನು ಸಮವಸ್ತ್ರದ ಮೇಲೆಯೇ ಹಾಕಿಕೊಂಡು ಹೋದೆ.

"ತೆಗಿ ಅದನ್ನ" ಅಂದರು ಮೇಡಂ.

"ಮಂಜರಿ ತಾಳಿ ತೆಗೀಲಿ, ನಾನೂ ತೆಗೀತೇನ್ರಿ."

ಮೇಡಂ ಟ್ರೇಯಲ್ಲಿದ್ದ ಬ್ಯಾಂಡೇಜಿನ ಕತ್ತರಿ ಎತ್ತಿಕೊಂಡರು. ನನ್ನ ಕೊರಳಿಗೆ ಕೈಹಾಕಿ ದಾರ ಕತ್ತರಿಸಿ, ಕೀವಿನ ಹತ್ತಿ, ರಕ್ತದ ಬಟ್ಟೆ ಹಾಕುವ ಹಳದಿ ಚೀಲಕ್ಕೆ ಪದಕವನ್ನು ಎಸೆದರು. "ಇನ್ನ ನಂಜಾಗಂಗಿಲ್ಲ" ಅಂದರು. ವಾರ್ಡಿನಲ್ಲಿ ಯಾರೋ ನಕ್ಕರು. ಮಂಜರಿ ತಲೆ ತಗ್ಗಿಸಿ ಗುಳಿಗೆ ಎಣಿಸತೊಡಗಿದಳು.

ನಾನು ಕೈಗವಸು ಹಾಕಿಕೊಂಡು, ಎಲ್ಲರೆದುರು ಕುಕ್ಕರಗಾಲಲ್ಲಿ ಕುಳಿತು, ಆ ಚೀಲ ತಡಕಿದೆ. ಮಂಚದ ಮೇಲಿಂದ ಸುಂದರಬಾಯಿ, "ನೋಡ್ರಿ, ಹೊಲಸಿನ್ಯಾಗ ಹೆಂಗ ಕೈ ಹಾಕತಾಳ! ರೂಢಿ ಇರ್ತದಲ್ಲ" ಅಂದಳು. ಪದಕ ಸಿಕ್ಕಿತು. ಸ್ಪಿರಿಟಿನಲ್ಲಿ ತೊಳೆದುಕೊಂಡು ಹೊರಬಿದ್ದೆ. ನಾಳೆಯಿಂದ ಬರಬೇಡ ಎಂದು ಕಾಂಪೌಂಡರ್ ಗೇಟಿನ ತನಕ ಬಂದು ಹೇಳಿದ. ಹೇಳಬೇಕಾಗಿರಲಿಲ್ಲ.

ದೂರು ಕೊಡು ಎಂದು ನಮ್ಮ ಓಣಿಯ ಜಗದೇವ ಕಾಕಾ ಬೆನ್ನು ಹತ್ತಿದ. ಸಾಕ್ಷಿಗೆ ಮಂಜರಿಯ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿ, "ನಾ ಏನೂ ನೋಡಿಲ್ಲಬೇ, ಗುಳಿಗಿ ಎಣಸಾಕತ್ತಿದ್ದೆ" ಅಂದಳು. ಜೇವರ್ಗಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಕೇಳಿದೆ. "ಅಫಜಲಪುರದಾಗ ಗದ್ಲ ಮಾಡಿದವ್ರು ನೀವೇನ್ರಿ?" ಎಂದು ಕೇಳಿ, ಕೂರಲೂ ಹೇಳದೆ ಕಳಿಸಿದರು.

ಅಪ್ಪ ಹೊಸ ನೀಲಿ ದಾರ ತಂದು ಪದಕಕ್ಕೆ ಪೋಣಿಸಿದ. ಗಂಟು ಹಾಕಲು ಅವ್ವನ ಕೈಗೆ ಕೊಟ್ಟ. ಅವ್ವ ಕಟ್ಟಿದಳು.

ಕಲಬುರಗಿಗೆ ಬಾ, ನನ್ನ ಮನೆಯಲ್ಲಿದ್ದು ಕೆಲಸ ಹುಡುಕು ಎಂದು ಮೆಸೇಜ್ ಹಾಕಿದ್ದೀ. ನಾನು ಬರುವುದಿಲ್ಲ ಅಕ್ಕಾ. ಭಾವನಿಗೆ ನನ್ನ ಶರಣು ಹೇಳು, ಮಕ್ಕಳಿಗೆ ಮುತ್ತು. ನಿನ್ನ ಹೊಸ ಮನೆ ತಣ್ಣಗಿರಲಿ, ಅಲ್ಲಿ ನಿನಗೆ ಯಾವ ಕೊರತೆಯೂ ಬಾರದಿರಲಿ.

ನಿನ್ನ ತಂಗಿ,
ಪಂಚಶೀಲಾ

ತಾ.ಕ.: ಯಾಕೆ ಬರುವುದಿಲ್ಲ ಎಂದು ಹೇಳದೆ ಲಕೋಟೆ ಅಂಟಿಸಲು ಮನಸ್ಸು ಒಪ್ಪಲಿಲ್ಲ. ಹೋದ ವರ್ಷ ನಿನ್ನ ಹೊಸ ಮನೆ ನೋಡಲು ಬಂದಿದ್ದೆನಲ್ಲ. ಪಕ್ಕದ ಮನೆಯಾಕೆ ನನ್ನ ಕೊರಳನ್ನೇ ನೋಡುತ್ತ "ಇವರು ಯಾರ್ರೀ?" ಎಂದು ನಿನ್ನನ್ನು ಕೇಳಿದರು. ನೀನು "ಸಿಸ್ಟರ್ ರೀ" ಅಂದೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಚಹಾದ ಟ್ರೇ ಹಿಡಿದು ನಗುತ್ತ ಮುಂದೆ ಬಂದೆ. ಆಗ ನೀನು ಗಡಬಡಿಸಿ ಮಾತು ಮುಗಿಸಿದೆ: "ನಮ್ಮತ್ತೀಗೆ ಸೂಜಿ ಮಾಡಾಕ ಬರ್ತಾಳ್ರಿ, ದವಾಖಾನಿಯಿಂದ." ಅವರು ಎದ್ದು ಹೋಗುವ ತನಕ ನಿನ್ನ ಅತ್ತೆಯ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕುಳಿತಿದ್ದೆ. ಹೋದಮೇಲೂ ನೀನು ಕರೆಯಲು ಬರಲಿಲ್ಲ.