ಹಿಗ್ಗಿದ ಟೇಪು

ಜನವರಿ ೯, ಶುಕ್ರವಾರ

ಅತ್ತೆಯ ತಲೆನೋವಿಗೆ ನಾವು ಕಟ್ಟಿದ ಒಲೆಯೇ ಕಾರಣ.

ಅವರ ಮಂಡಿನೋವಿಗೆಂದೇ ಮೂರು ವಾರ ಮಣ್ಣು ತುಳಿದು ಕಟ್ಟಿದ್ದು. ಬೆಂಕಿಯ ಬಿಸಿ ಹೊಗೆ ಇಟ್ಟಿಗೆ ಗೂಡಿನಲ್ಲಿ ಮೇಲೇರಿ, ಮೇಲೆ ಬೋರಲು ಹಾಕಿದ ಡ್ರಮ್ಮಿಗೆ ತಾಗಿ ಇಳಿದು, ನಡುಮನೆಯ ಮಣ್ಣಿನ ಜಗುಲಿಯೊಳಗಿನ ಕೊಳವೆಯಲ್ಲಿ ಹರಿದು ಹೊರಗೆ ಹೋಗಬೇಕು. ಜಗುಲಿ ರಾತ್ರಿಯಿಡೀ ಬೆಚ್ಚಗಿರುತ್ತದೆ. ನಿನ್ನೆ ಅತ್ತೆ ಅದರ ಮೇಲೇ ಮಲಗಿದರು. ಬೆಳಿಗ್ಗೆ "ತಲೆ ಸಿಡೀತಿದೆ ಕಣೇ" ಅಂದಾಗ, "ಹೊಸ ಜಾಗ ಅಲ್ವಾ ಅತ್ತೆ" ಎಂದು ತೇಲಿಸಿಬಿಟ್ಟೆ.

ಸಂಜೆ ಹೊಗೆ ಮನೆಯೊಳಗೇ ನುಗ್ಗಿತು. ಬೆಂಕಿ ಆರಿಸಿ, ತಣ್ಣಗಾದ ಮೇಲೆ ಗಂಡ ಡ್ರಮ್ಮು ಎತ್ತಿ ಅಳೆದು ನೋಡಿದರು. ಗೂಡಿನ ತುದಿಗೂ ಮೇಲಿನ ಡ್ರಮ್ಮಿನ ತಳಕ್ಕೂ ನಡುವೆ ಎರಡು ಇಂಚು ಸಂದು ಬಿಡಬೇಕಿತ್ತು. ಒಂದು ಇಂಚೂ ಇರಲಿಲ್ಲ. ಹೊರಹೋಗಲು ದಾರಿ ಸಾಲದೆ, ಹೊಗೆಯ ವಿಷಗಾಳಿ ನಿನ್ನೆ ರಾತ್ರಿಯೆಲ್ಲ ಕಾಣದಂತೆ ಒಳಗೇ ಸೋರಿರಬೇಕು.

"ಗೂಡಿನ ಎತ್ತರ ಯಾವುದ್ರಲ್ಲಿ ಅಳೆದೆ?"

"ನನ್ನ ಟೇಪಲ್ಲಿ."

ಡ್ರಮ್ಮನ್ನು ಅವರು ಅಳೆದದ್ದು ಕಬ್ಬಿಣದ ಟೇಪಿನಲ್ಲಿ. ಎರಡನ್ನೂ ಪಕ್ಕಪಕ್ಕ ಹಿಡಿದರೆ ನನ್ನ ಹೊಲಿಗೆ ಟೇಪಿನ ಮೂವತ್ತು ಇಂಚು, ಕಬ್ಬಿಣದ್ದರ ಮೂವತ್ತೊಂದನ್ನು ದಾಟಿತ್ತು. ಹನ್ನೆರಡು ವರ್ಷ ಎಳೆದೆಳೆದು ಹಿಗ್ಗಿದೆ. ಮೈಯನ್ನೂ ಬಟ್ಟೆಯನ್ನೂ ಒಂದೇ ಟೇಪಿನಲ್ಲಿ ಅಳೆಯುವವಳಿಗೆ ಅದು ತಿಳಿಯುವುದಾದರೂ ಹೇಗೆ?

ಗಂಡ ನನ್ನ ಟೇಪನ್ನು ಸುತ್ತಿ ಕೈಗಿತ್ತರು. ಬೈದಿದ್ದರೆ ವಾಸಿಯಿತ್ತು.

ಅತ್ತೆಯನ್ನು ಒಳಕೋಣೆಯಲ್ಲಿ ಮಲಗಿಸಿ ಕಿಟಕಿ ತೆರೆದಿಟ್ಟಿದ್ದೇನೆ. ಮೂರು ಸಲ ಹೋಗಿ, ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿ ಬಂದೆ. ನಾಲ್ಕನೇ ಸಲ ಕಣ್ಣು ಮುಚ್ಚಿಕೊಂಡೇ ಅಂದರು: "ಇನ್ನೂ ಇದೀನಿ ಕಣೇ. ಹೋಗಿ ಮಲಕ್ಕೋ."