ಬೇಕರಿಯವರ ಬೇಟೆ ಬಂದೂಕು

ಬಂದೂಕು ರಿಪೇರಿ ಅಂಗಡಿಯ ಮೇಲಿನ ಕೋಣೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಮೊಂಡು ಸೊಸೆಗೆ,

ಕೈ ಹೇಗಿದೆ? ಊತ ಇಳಿಯಿತೇ? ವೈದ್ಯರು ಹೇಳಿದ ಹಾಗೆ ಬಿಸಿನೀರಿನಲ್ಲಿ ಬೆರಳು ಆಡಿಸುತ್ತಿದ್ದೀಯೋ, ಇಲ್ಲ ನಿನ್ನ ಅಕ್ಕನ ಮನೆಯ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಗಂಡ ಚೆನ್ನಾಗಿದ್ದಾನೆ. ಅಡುಗೆ ತಾನೇ ಮಾಡುತ್ತೇನೆಂದು ಹಟ ಹಿಡಿದು ಮೊನ್ನೆ ಹಾಲಿನ ಜೊತೆ ಪಾತ್ರೆಯನ್ನೂ ಸುಟ್ಟ. ನಾನು ಬೈಯಲಿಲ್ಲ, ಕೂತು ಉಜ್ಜಿದೆ. ಮಾಸಿದ ಪಾತ್ರೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ನಿನಗೆ ಗೊತ್ತೇ ಇದೆ.

ನಿನ್ನ ಕಾಗದ ಬಂತು. ಬಂದೂಕಿನ ಮರದ ಸೀಳನ್ನು ಸರಿಮಾಡುವಾಗ ಜಾರಿದ ಉಳಿ ಹೆಬ್ಬೆರಳಿನ ನರವನ್ನೇ ಕತ್ತರಿಸಿದೆ, ಇನ್ನು ಬಲಗೈಯಲ್ಲಿ ಉಳಿ, ಅರ ಹಿಡಿಯಲಾಗದು ಎಂದು ವೈದ್ಯರು ಹೇಳಿದ್ದನ್ನು ಬರೆದಿದ್ದೀಯ. ಅದನ್ನು ಓದಿ ಸಂಕಟವಾಯಿತು. ಅದರ ಕೆಳಗೆ, ಬೇಕರಿಯವರ ಬಂದೂಕನ್ನು ಬಿಚ್ಚಿದ ಹಾಗೆಯೇ ಗಂಟು ಕಟ್ಟಿ ಹಿಂದಕ್ಕೆ ಕೊಡಿ, ಮಾವನವರ ಬೆಂಚು, ಅರಗಳು ಎಲ್ಲವನ್ನೂ ಮಾರಿಬಿಡಿ, ಕೊಳ್ಳುವವರನ್ನು ನಾನೇ ಗೊತ್ತುಮಾಡಿದ್ದೇನೆ ಎಂದೂ ಬರೆದಿದ್ದೀಯ. ಅದನ್ನು ಓದಿ ಸಿಟ್ಟು ನೆತ್ತಿಗೇರಿತು. ಸಂಕಟ, ಸಿಟ್ಟು ಎರಡನ್ನೂ ಒಟ್ಟಿಗೆ ಹೊರುವ ವಯಸ್ಸಲ್ಲ ನನ್ನದು, ಆದ್ದರಿಂದ ಸಿಟ್ಟನ್ನೇ ಇಟ್ಟುಕೊಂಡೆ. ಬಂದೂಕನ್ನು ಹಿಂದಕ್ಕೆ ಕೊಡಲಿಲ್ಲ.

ಅದು ಬಂದ ದಿನ ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೇಕರಿಯವರು ತಮ್ಮ ತಾತನ ಬೇಟೆ ಬಂದೂಕನ್ನು ಹಿಟ್ಟಿನ ಚೀಲದಲ್ಲಿ ಸುತ್ತಿ ತಂದಿದ್ದರು. ಒಳಗೆ ಏನೋ ಮುರಿದಿದೆ, ಗುಜರಿಗೆ ಹಾಕಿ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಗುಂಡು ಹಾರಿಸಲು ಬೆರಳಲ್ಲಿ ಎಳೆಯುವ ಕುದುರೆಯ ಸುತ್ತ ಇರುವ ಲಿವರನ್ನು ಕೆಳಗೆ ಎಳೆದರೆ ಹಾರಿಸಿದ ಗುಂಡಿನ ತೋಟೆ ಹೊರಗೆ ಬೀಳಬೇಕು, ಮೇಲಕ್ಕೆ ತಂದರೆ ಹೊಸದು ಒಳಗೆ ಸೇರಬೇಕು. ಇದು ಅರ್ಧಕ್ಕೇ ಹಟ ಹಿಡಿದು ನಿಲ್ಲುತ್ತಿತ್ತು. ನೀನು ಯಾವ ಉಪಕರಣವನ್ನೂ ಮುಟ್ಟಲಿಲ್ಲ. ಒಳಗೆ ತೋಟೆ ಇಲ್ಲವೆಂದು ಮೊದಲು ಖಾತ್ರಿ ಮಾಡಿಕೊಂಡೆ. ಕಿಟಕಿಯ ಬೆಳಕಿಗೆ ನಳಿಗೆ ಹಿಡಿದು ಇಣುಕಿದೆ, ಭೂತಗನ್ನಡಿಯಲ್ಲಿ ಒಂದೊಂದು ಸ್ಕ್ರೂವಿನ ತಲೆಯನ್ನೂ ನೋಡಿದೆ, ಮರ ಮತ್ತು ಕಬ್ಬಿಣ ಕೂಡುವ ಗೆರೆಯ ಮೇಲೆ ಉಗುರು ಎಳೆದೆ. ಬೇಕರಿಯವರ ಟೀ ಆರಿ ತಣ್ಣಗಾಯಿತು. ಕೊನೆಗೆ ನೀನು ಹೇಳಿದ್ದು ಇಷ್ಟೇ: "ಏನೂ ಮುರಿದಿಲ್ಲ. ಯಾರೋ ಬಿಚ್ಚಿ ಜೋಡಿಸುವಾಗ ಎರಡು ಸ್ಕ್ರೂ ಅದಲು ಬದಲು ಮಾಡಿದ್ದಾರೆ, ಉದ್ದದ್ದು ಒಳಗೆ ಹೋಗಿ ತಡೀತಿದೆ." ಬಿಚ್ಚಿ ನೋಡಿದಾಗ ಹಾಗೆಯೇ ಇತ್ತು. ಬಾಗಿಲ ಹಿಂದೆ ನಿಂತಿದ್ದ ನನಗೆ ಎದೆಯುಬ್ಬಿತ್ತು. ನಿನ್ನ ಮುಂದೆ ಹೇಳಲಿಲ್ಲ, ಕೊಂಬು ಬಂದೀತೆಂದು.

ಹಾಗಾಗಿ ಉಳಿದ ಕೆಲಸಕ್ಕೆ ನಾನೇ ಕೂತೆ. ನಗಬೇಡ. ಇಷ್ಟು ವರ್ಷ ನಿನ್ನ ಮಾವನ ಬೆಂಚಿನ ಕೆಳಗೆ ಕಸ ಗುಡಿಸಿದವಳು, ಮೇಲೆ ಒಮ್ಮೆಯೂ ಕೈ ಇಟ್ಟವಳಲ್ಲ. ಆದರೆ ನೀನು ರಟ್ಟಿನ ಮೇಲೆ ಬಂದೂಕಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಚುಚ್ಚಿಟ್ಟು ಹೋಗಿದ್ದೆಯಲ್ಲ, ಅದಿದ್ದರೆ ಕಣ್ಣಿರುವ ಯಾರಾದರೂ ಜೋಡಿಸಬಹುದು. ಅಂಟಿನಂತೆ ಗಟ್ಟಿಯಾಗಿದ್ದ ಹಳೇ ಗ್ರೀಸನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆ. ನೀನು ಅಂಟಿಸಿದ್ದ ಸೀಳು ಕೂಡಿಕೊಂಡಿತ್ತು. ಮರಕ್ಕೆ ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ತೆಳ್ಳಗೆ ತೀಡಿ, ಒಣಗಿಸಿ, ಮತ್ತೆ ತೀಡಿದೆ. ಜೋಡಿಸುವಾಗ ಒಂದು ಸ್ಪ್ರಿಂಗ್ ಹಾರಿ ಬೀರುವಿನ ಹಿಂದೆ ಹೋಯಿತು. ನಿನ್ನ ಗಂಡ ನೆಲಕ್ಕೆ ಕೆನ್ನೆ ಹಚ್ಚಿ ಟಾರ್ಚ್ ಬಿಟ್ಟು ಹುಡುಕಿದ. ಸ್ಪ್ರಿಂಗೂ ಸಿಕ್ಕಿತು, ಹೋದ ವರ್ಷ ಕಳೆದುಹೋಗಿದ್ದ ನನ್ನ ಕನ್ನಡಕವೂ ಸಿಕ್ಕಿತು. ಎಲ್ಲ ಕೂಡಿಸಿ ಲಿವರ್ ಎಳೆದೆ. ಎಲ್ಲೂ ತಡೆಯದೆ ಸರಕ್ಕನೆ ಹೋಗಿ ಬಂತು. ನನಗೆ ಎಷ್ಟು ಖುಷಿಯಾಯಿತೆಂದರೆ, ಸುಮ್ಮನೆ ಮತ್ತೆ ಮತ್ತೆ ಎಳೆಯುತ್ತಾ ಕೂತಿದ್ದೆ. ಸಾಕು ಬಿಡಮ್ಮಾ ಎಂದು ನಿನ್ನ ಗಂಡನೇ ಕಿತ್ತಿಟ್ಟ.

ಕಷ್ಟವಾದದ್ದು ಆ ನಳಿಗೆ. ಕಂದು ಬಣ್ಣಕ್ಕೆ ತಿರುಗಿ ಮಂಕಾಗಿ ಬಿದ್ದಿತ್ತು, ಪಕ್ಕದಲ್ಲೇ ಪಾತ್ರೆ ಉಜ್ಜುವ ತಂತಿನಾರೂ ಇತ್ತು. ನಿಜ ಹೇಳುತ್ತೇನೆ, ಕೈಗೆತ್ತಿಕೊಂಡಿದ್ದೆ. ಆಗ ನೀನು ಹೇಳಿದ್ದು ಕಿವಿಯಲ್ಲಿ ಕೇಳಿಸಿತು: "ಅತ್ತೆ, ಅದು ಕೊಳೆ ಅಲ್ಲ, ಅದರ ವಯಸ್ಸು. ತೆಗೆದ್ರೆ ಮತ್ತೆ ಯಾರ ಕೈಲೂ ಹಾಕೋಕಾಗಲ್ಲ." ನಾರನ್ನು ಅಡುಗೆಮನೆಯಲ್ಲಿಟ್ಟು ಬಾಗಿಲು ಹಾಕಿಕೊಂಡು ಬಂದೆ. ಕೆಂಪಗೆ ಪುಡಿ ಉದುರುತ್ತಿದ್ದ ತುಕ್ಕನ್ನು ಮಾತ್ರ ಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಹುಟ್ಟಿದಾಗಿನಿಂದ ಮೊದಲ ಸಲ ಮಾಸಿದ್ದೊಂದನ್ನು ಮಾಸಿದ ಹಾಗೆಯೇ ಬಿಟ್ಟೆ.

ಬೇಕರಿಯವರು ಬಂದು ನೋಡಿ ಮುಖ ಸಣ್ಣಗೆ ಮಾಡಿಕೊಂಡರು. "ಫಳಫಳ ಅಂತ ಹೊಸದರ ಥರ ಮಾಡ್ಕೊಡ್ತೀರ ಅಂದ್ಕೊಂಡಿದ್ದೆ. ಮಷೀನಲ್ಲಿ ಪಾಲಿಶ್ ಹೊಡೆಯೋರಿಗೆ ಕೊಡ್ತೀನಿ ಬಿಡಿ" ಎಂದರು. ನಾನು ಬಂದೂಕನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟೆ. ಬೆಲೆ ಕಟ್ಟುವವರಿಗೆ ಮೊದಲು ತೋರಿಸಿ, ಆಮೇಲೆ ಎಲ್ಲಿಗೆ ಬೇಕಾದರೂ ಒಯ್ಯಿರಿ, ಅಲ್ಲಿಯತನಕ ನಾನು ಏಳುವುದಿಲ್ಲ ಎಂದೆ. ಪಾಪ, ಅವರೇ ಹೋಗಿ ಹಳೆಯ ಬಂದೂಕುಗಳಿಗೆ ಬೆಲೆ ಕಟ್ಟುವ ಹೆಂಗಸನ್ನು ಕರೆತಂದರು. ಆಕೆ ಬಂದೂಕಿನ ಮೇಲಿನ ಸಂಖ್ಯೆ ನೋಡಿದರು, ನಳಿಗೆ ನೋಡಿದರು, ಸ್ಕ್ರೂಗಳ ತಲೆ ಒಂದೂ ಸವೆದಿಲ್ಲದ್ದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೇಕರಿಯವರ ಕಡೆ ತಿರುಗಿ, "ಪಾಲಿಶ್ ಹೊಡೆಸಿದ್ರೆ ಇದರಲ್ಲಿ ಏನೂ ಉಳೀತಿರಲಿಲ್ಲ. ಮಾಡಿದವರಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದೆ. ಯಾರು ಮಾಡಿದ್ದು?" ಎಂದರು. ನನ್ನ ಹೆಸರು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. "ನಮ್ಮ ಸೊಸೆ" ಎಂದೆ. ಆ ಎರಡು ಮಾತು ಹೇಳುವಾಗ ನನ್ನ ಕತ್ತು ಎಷ್ಟು ಉದ್ದವಾಯಿತೋ ನಿನ್ನ ಗಂಡನನ್ನೇ ಕೇಳು.

ಈಗ ಹೇಳು, ನಾನು ಹೇಳಿದ್ದು ಸುಳ್ಳೇ? ಒರೆಸಿದ್ದು, ತೀಡಿದ್ದು ನನ್ನ ಸೆಟೆದ ಬೆರಳುಗಳು. ಏನನ್ನು ಮುಟ್ಟಬೇಕು, ಏನನ್ನು ಮುಟ್ಟಬಾರದು ಎಂದು ಕಂಡುಹಿಡಿದವಳು ನೀನು. ಹೆಬ್ಬೆರಳು ಬಗ್ಗದಿದ್ದರೆ ಆ ಬುದ್ಧಿಯೂ ಬಗ್ಗದೆ ಹೋಯಿತೇ? ನಿನ್ನ ಬಗ್ಗೆ ನನಗೆ ತುಂಬ ಹೆಮ್ಮೆ ಕಣೇ. ಎದುರಿಗಿದ್ದರೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆದಿದ್ದೇನೆ.

ನಿನ್ನ ಅಕ್ಕನನ್ನೂ ಭಾವನನ್ನೂ ಕೇಳಿದೆನೆಂದು ಹೇಳು. ನೋವಿಲ್ಲದೆ ನಿದ್ದೆ ಬರಲಿ ನಿನಗೆ, ಎದ್ದಾಗ ಹಸಿವಾಗಲಿ.

ನಿನ್ನ ಅತ್ತೆ

ಹೇಳುವುದನ್ನೇ ಮರೆತೆ. ನೀನು ಗೊತ್ತುಮಾಡಿದ್ದ, ಉಪಕರಣ ಕೊಳ್ಳುವವನು ನಿನ್ನೆ ವ್ಯಾನು ತಂದಿದ್ದ. ಟೀ ಕುಡಿಸಿ, ಖಾಲಿ ವ್ಯಾನಿನಲ್ಲೇ ಕಳಿಸಿದೆ. ಅವನು ಆಚೆ ಹೋದ ಕೂಡಲೇ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ, ಕಬ್ಬಿಣ ಕಚ್ಚಿಹಿಡಿಯುವ ಆ ದೊಡ್ಡ ವೈಸನ್ನು ಬೆಂಚಿನ ಬಲತುದಿಯಿಂದ ಬಿಚ್ಚಿಸಿ ಎಡತುದಿಗೆ ಕೂರಿಸಿದ್ದೇನೆ. ಯಾಕಮ್ಮಾ ಈ ಕಡೆಗೆ ಎಂದು ಕೇಳಿದ. ನಮ್ಮ ಸೊಸೆ ಕೆಲಸ ಮಾಡೋದು ಎಡಗೈಲಿ ಎಂದೆ. ಊರೆಲ್ಲ ಹೇಳಿಕೊಂಡು ಬರುವವನು ಅವನು. ಬೇಗ ಬಾ, ನನ್ನ ಮಾನ ಉಳಿಸು.