ಬಾಗಿಲ ಪಕ್ಕದ ಮಂಚ

ಕ್ಯಾನ್ಸರ್ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ಇನ್ನು ಉಳಿಯುವುದಿಲ್ಲ ಎಂದು ನೀವು ತೀರ್ಮಾನಿಸಿದವರನ್ನು ಮಂಚಸಮೇತ ಬಾಗಿಲ ಪಕ್ಕಕ್ಕೆ ತಳ್ಳಿಸುವ ಪದ್ಧತಿ ನಿಮ್ಮ ಮಹಿಳಾ ವಾರ್ಡಿನಲ್ಲಿದೆಯಲ್ಲ, ಅದು ಅಸಹ್ಯ. ಇದಕ್ಕಿಂತ ಮರ್ಯಾದೆಯ ಪದ ನಾನು ಹುಡುಕಲೂ ಇಲ್ಲ. ಹೆಣ ಇಳಿಸುವ ಲಿಫ್ಟು ಅಲ್ಲೇ ಎದುರಿಗಿದೆ. ಆ ಜಾಗದ ಅರ್ಥ ವಾರ್ಡಿನ ಪ್ರತಿ ರೋಗಿಗೂ ಗೊತ್ತು. ನೀವು ಮಾತ್ರ ಅದನ್ನು ಅನುಕೂಲ ಎನ್ನುತ್ತೀರಿ.

ನನ್ನ ಅತ್ತೆಗೆ ಕ್ಯಾನ್ಸರ್ ಮೂಳೆಗಿಳಿದಿತ್ತು. ಕಿಟಕಿಯ ಬಳಿ ಮಲಗಿ, ಎದುರು ಬೀದಿಯ ದರ್ಜಿ ಅಂಗಡಿ ನೋಡುತ್ತ, "ಆ ಮಹಾರಾಯನಿಗೆ ಕತ್ತರಿ ಹಿಡಿಯೋಕೇ ಬರಲ್ಲ" ಎಂದು ದಿನವಿಡೀ ಬೈಯುತ್ತಿದ್ದರು. ಬದುಕಿಡೀ ಬಟ್ಟೆ ಹೊಲಿದವರು, ಬೈಯುವ ಹಕ್ಕಿತ್ತು. ಒಂದು ಬೆಳಿಗ್ಗೆ ನಾನು ಹಾಲು ತರುವಷ್ಟರಲ್ಲಿ ಮಂಚ ಬಾಗಿಲಿಗೆ ಬಂದಿತ್ತು.

"ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಅಜ್ಜಿ" ಎಂದಳು ನರ್ಸ್, ಮುಖ ತಿರುಗಿಸಿಕೊಂಡು.

"ಗಾಳಿ ಬರೋಕಲ್ಲಮ್ಮ, ನಾನು ಹೋಗೋಕೆ" ಎಂದರು ಅತ್ತೆ.

ನರ್ಸ್ ಅತ್ತುಬಿಟ್ಟಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನೀವು ಬಾಯಿಬಿಟ್ಟು ಹೇಳಲು ಹೆದರಿದ್ದನ್ನು ಅವಳ ಕೈಯಲ್ಲಿ ಮಾಡಿಸಿದಿರಿ.

ಅಂದಿನಿಂದ ಅತ್ತೆ ಯಾರನ್ನೂ ಬೈಯಲಿಲ್ಲ. ಹಾಲು ಕೊಟ್ಟರೆ "ಯಾಕೆ ದಂಡ" ಎಂದು ಬಾಯಿ ಮುಚ್ಚಿದರು. ಒಳಬರುವ ಸ್ಟ್ರೆಚರುಗಳು ಮಂಚಕ್ಕೆ ತಾಗಿದಾಗಲೆಲ್ಲ ಚೀರುತ್ತಿದ್ದರು. ತಡೆಯಲಾರದೆ ನನ್ನ ಗಂಡ ಚಕ್ರದ ಬ್ರೇಕು ಬಿಡಿಸಿ ಮಂಚವನ್ನು ಮತ್ತೆ ಕಿಟಕಿಗೆ ತಳ್ಳಿದರು. ಆಗ ತಮ್ಮ ದರ್ಶನವಾಯಿತು, ನಮ್ಮ ಪುಣ್ಯ! "ಮಿಕ್ಕ ಪೇಷೆಂಟ್‌ಗಳು ಹೆದರ್ತಾರೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದಿರಿ, ಅತ್ತೆಯ ಕಾಲ ಬಳಿಯೇ ನಿಂತು, ಅವರಿಗೆ ಕಿವಿಯೇ ಇಲ್ಲವೆಂಬಂತೆ. ಸಾಯುವವರಿಗೆ ಹೆದರಿಕೆಯಾಗುವುದಿಲ್ಲವೇ ಸ್ವಾಮಿ? ನಿಮ್ಮ ತಾಯಿಯನ್ನು ಯಾವ ಬಾಗಿಲಿಗೆ ತಳ್ಳಿಸುತ್ತೀರಿ? ಮಂಚ ಮತ್ತೆ ಬಾಗಿಲಿಗೇ ಬಂತು.

ಅತ್ತೆ ಅಲ್ಲೇ ತೀರಿಕೊಂಡರು, ಬಾಗಿಲಿಗೆ ಬೆನ್ನು ಹಾಕಿ. ಲಿಫ್ಟಿಗೆ ಸಾಗಿಸಲು ನಿಮ್ಮ ಸಿಬ್ಬಂದಿಗೆ ಕಿಂಚಿತ್ತೂ ತೊಂದರೆಯಾಗಲಿಲ್ಲ. ಅಭಿನಂದನೆಗಳು.

ನಾನು ಪರಿಹಾರ ಕೇಳುತ್ತಿಲ್ಲ. ಈ ಪದ್ಧತಿ ನಿಲ್ಲಿಸಿ. ಹೇಳಬೇಕಾದ್ದನ್ನು ರೋಗಿಯ ಪಕ್ಕ ಕೂತು ನಿಮ್ಮ ಬಾಯಲ್ಲೇ ಹೇಳಿ, ಎಲ್ಲಿ ಮಲಗುತ್ತೀರಿ ಎಂದು ಅವರನ್ನೇ ಕೇಳಿ. ಇವತ್ತೇ ಹೋಗಿ. ನಿನ್ನೆ ಅತ್ತೆಯ ಸೀರೆಗಳನ್ನು ಒಯ್ಯಲು ವಾರ್ಡಿಗೆ ಬಂದಾಗ ಬಾಗಿಲಲ್ಲಿ ಇನ್ನೊಬ್ಬಾಕೆ ಮಲಗಿದ್ದರು. ನನ್ನ ಸೆರಗು ಹಿಡಿದು ಕೇಳಿದರು: "ಮಗಳು ನಾಡಿದ್ದು ಬರ್ತಾಳಂತೆ. ಅಲ್ಲೀವರೆಗೂ ನಾನಿರ್ತೀನಾ?"

ಉತ್ತರ ಹೇಳಬೇಕಾದವರು ನೀವು. ಆಕೆ ಕಾಯುತ್ತಿದ್ದಾರೆ.

ಇಂತಿ,
ನಿಮ್ಮ ಅನುಕೂಲಕ್ಕೆ ಅಡ್ಡ ಬಂದ ಸೊಸೆ